ಹಳೆ ಮನೆಯ ದುರಸ್ತಿ, ತಂತ್ರಾಂಶದ ದುರಸ್ತಿ

ಹೊಸೂರಿನ ಸಮೀಪದ ತೊರಪಲ್ಲಿ ಅಗ್ರಹಾರದಲ್ಲಿ, 1878ರ ದಶಂಬರ 10ರಂದು ರಾಜಾಜಿಯವರು ಹುಟ್ಟಿದ ಮನೆ ಇಂದು ಸ್ಮಾರಕವಾಗಿದೆ. ಇಂತಹ ಮನೆಗಳ ದುರಸ್ತಿ ಸೂಕ್ಷ್ಮದ ಕೆಲಸ. ಗೆದ್ದಲು ತಿಂದ ಪಕ್ಕಾಸು ಬದಲಾಗಬೇಕು, ಮನೆಯ ರೂಪ ಬದಲಾಗಬಾರದು. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಮಾಡೇ ಕುಸಿದೀತು.

ಹೊಸೂರು, ಕಾಸರಗೋಡುಗಳಿಂದ ಬೆಂಗಳೂರಿಗೆ ಹೋಗಿ ತಂತ್ರಾಂಶದ ಉದ್ಯೋಗ ಹಿಡಿದ ನಮ್ಮ ಮಕ್ಕಳಿಗೂ ಈ ಬಗೆಯ ದುರಸ್ತಿ ತಪ್ಪಿದ್ದಲ್ಲ. ಹೊರಗಿನ ಫಲಿತಾಂಶ ಒಂದಿಷ್ಟೂ ಬದಲಾಗದಂತೆ ಒಳಗಿನ ಬರವಣಿಗೆಯನ್ನು ಚೊಕ್ಕಗೊಳಿಸುವ ಈ ಕೆಲಸಕ್ಕೆ ರಿಫ್ಯಾಕ್ಟರಿಂಗ್ ಎಂದು ಹೆಸರು. 1992ರಲ್ಲಿ ವಿಲಿಯಂ ಒಪ್‌ಡೈಕ್ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಇದರ ಕುರಿತು ಪ್ರೌಢಪ್ರಬಂಧ ಬರೆದರು. 1999ರಲ್ಲಿ ಬಂದ ಮಾರ್ಟಿನ್ ಫೌಲರರ ಗ್ರಂಥ ಅದನ್ನು ಎಲ್ಲೆಡೆಗೆ ತಲಪಿಸಿತು.

ಶಾಲೆಯ ಅಂಕಪಟ್ಟಿ ತಯಾರಿಸುವ ಒಂದು ತಂತ್ರಾಂಶವಿದೆ ಎಂದಿಟ್ಟುಕೊಳ್ಳೋಣ. ತೇರ್ಗಡೆಯ ಕನಿಷ್ಠ ಅಂಕವನ್ನು ಅದರಲ್ಲಿ ಹತ್ತು ಕಡೆ ಬರೆದಿದ್ದಾರೆ. ಮುಂದೆ ನಿಯಮ ಬದಲಾಗಿ, ಒಂಬತ್ತು ಕಡೆ ತಿದ್ದಿ ಒಂದನ್ನು ಮರೆತರೆ, ಉತ್ತೀರ್ಣಳಾದ ಹುಡುಗಿ ಅನುತ್ತೀರ್ಣಳಾದಾಳು. ಆದುದರಿಂದ ಆ ಅಂಕ ಒಂದೇ ಕಡೆ ಇರುವಂತೆ ಮಾಡಬೇಕು.

ಇದಕ್ಕೊಂದು ಕ್ರಮವುಂಟು. ಮೊದಲು, ಉತ್ತರ ಗೊತ್ತಿರುವ ಲೆಕ್ಕಗಳನ್ನು ಕೊಟ್ಟು ಪರೀಕ್ಷೆಗಳನ್ನು ಸಿದ್ಧಪಡಿಸಬೇಕು. ಬಳಿಕ ಒಂದು ಸಣ್ಣ ಬದಲಾವಣೆ, ಕೂಡಲೇ ಪರೀಕ್ಷೆ. ಸರಿಯಿದ್ದರೆ ದಾಖಲಿಸಿ ಮುಂದಿನದಕ್ಕೆ ಹೋಗುವುದು, ತಪ್ಪಿದರೆ ಹಿಂದಿನ ಹೆಜ್ಜೆಗೆ ಮರಳುವುದು. ದುರಸ್ತಿಯ ನಡುವೆ ಹೊಸ ಸೌಲಭ್ಯ ಸೇರಿಸಹೋಗಬಾರದು. ಸೇರಿಸಿದರೆ ತಪ್ಪು ಯಾವುದರಿಂದ ಬಂತೆಂದೇ ತಿಳಿಯದು.

ಕ್ರಮ ತಪ್ಪಿದರೇನಾದೀತು? ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಶೇರು ವ್ಯವಹಾರದ ಸಂಸ್ಥೆ 2005ರಲ್ಲಿ ತನ್ನ ತಂತ್ರಾಂಶದ ಒಂದು ತುಣುಕನ್ನು ಬೇರೆಡೆಗೆ ಸರಿಸಿತು. ಅದನ್ನು ನೆಚ್ಚಿದ್ದ, ಬಳಕೆ ತಪ್ಪಿದ ಹಳೆ ಭಾಗವನ್ನು ಅಳಿಸಲೂ ಇಲ್ಲ, ಮರಳಿ ಪರೀಕ್ಷಿಸಲೂ ಇಲ್ಲ. 2012ರಲ್ಲಿ ಹೊಸ ತಂತ್ರಾಂಶವನ್ನು 8 ಗಣಕಗಳ ಪೈಕಿ ಒಂದಕ್ಕೆ ಹಾಕಲು ಮರೆತರು. ಆಗಸ್ಟ್ 1ರಂದು ಆ ಗಣಕದಲ್ಲಿ ಹಳೆ ಭಾಗ ಎಚ್ಚೆತ್ತು, ಲೆಕ್ಕವಿಲ್ಲದೆ ಶೇರು ಕೊಳ್ಳುತ್ತ ಮಾರುತ್ತ ಹೋಯಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 40 ಕೋಟಿ ಡಾಲರಿಗೂ ಮಿಕ್ಕಿದ್ದು.

ನಮ್ಮ ಮಕ್ಕಳ ಹೆಸರು, ಅಂಕ, ಮಾತೃಭಾಷೆ ಎಲ್ಲವೂ ಈಗ ಗಣಕದಲ್ಲಿವೆ. ತಂತ್ರಾಂಶ ನವೀಕರಣವಾಯಿತೆಂದು ಕೇಳಿದಾಗ ಹೆತ್ತವರು ಹಳೆಯ ಪ್ರತಿಯನ್ನೂ ಹೊಸ ಪ್ರತಿಯನ್ನೂ ಎದುರು ಬದುರು ಇಟ್ಟು ನೋಡಬೇಕು. ಕಾಗುಣಿತ ತಪ್ಪಿದ್ದರೆ, "ಕನ್ನಡ" ಎಂದಿದ್ದಲ್ಲಿ ಬೇರೆ ಭಾಷೆ ಬಂದಿದ್ದರೆ, ಅದು ದುರಸ್ತಿಯ ದೋಷ. ತಿದ್ದಿಸಿಕೊಳ್ಳುವುದು ನಮ್ಮ ಹಕ್ಕು.