ಸಿಇಟಿ ಸೀಟು: ಅಂಕ ಎಷ್ಟು, ಹಿನ್ನೆಲೆ ಎಷ್ಟು?

ಪ್ರಶ್ನೆ: ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಹೆಚ್ಚುವರಿ ಅಂಕ ಕೊಡುತ್ತಾರೆಯೇ?

ಇಲ್ಲ. ಇದು ತುಂಬ ಜನರಲ್ಲಿರುವ ತಪ್ಪು ತಿಳಿವಳಿಕೆ. ಎಂಜಿನಿಯರಿಂಗ್ ರ್ಯಾಂಕ್ ಲೆಕ್ಕ ಹಾಕುವುದು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ, ಸಿಇಟಿ ಅಂಕಗಳಿಗೆ ಅರ್ಧ ತೂಕ ಕೊಟ್ಟು. ಅಲ್ಲಿ ಊರು, ಜಾತಿ, ಆದಾಯ ಯಾವುದೂ ಬರುವುದಿಲ್ಲ. ಹಿನ್ನೆಲೆ ಲೆಕ್ಕಕ್ಕೆ ಬರುವುದು ಸೀಟು ಹಂಚುವಾಗ.

ಕಟಾಫ್ ಪಟ್ಟಿಯನ್ನೊಮ್ಮೆ ಬಿಡಿಸಿ ನೋಡಿ. ಒಂದೇ ಕಾಲೇಜಿನ ಸಾಲಿನಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದು ಅಂಕಣಗಳಿರುತ್ತವೆ. 'ಜಿಎಂ' ಎಂದರೆ ಸಾಮಾನ್ಯ ವರ್ಗ, '2ಎ' ಹಿಂದುಳಿದ ವರ್ಗಗಳ ಒಂದು ಪ್ರವರ್ಗ; ಕೊನೆಯ 'ಆರ್' ಎಂದರೆ ಗ್ರಾಮೀಣ, 'ಕೆ' ಎಂದರೆ ಕನ್ನಡ ಮಾಧ್ಯಮ. ಪ್ರತಿ ಪ್ರವರ್ಗದ ಒಳಗೇ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5ರಷ್ಟು ಸೀಟು ತೆಗೆದಿಡುತ್ತಾರೆ. ಕಲ್ಯಾಣ ಕರ್ನಾಟಕದವರಿಗೆ 371(ಜೆ) ವಿಧಿಯ ಮೀಸಲಾತಿ ಬೇರೆಯೇ ಇದೆ.

ನನ್ನನ್ನು ಕಾಡುವುದು ಗ್ರಾಮೀಣ ಮೀಸಲಾತಿಯ ಷರತ್ತು. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ಅದನ್ನು ತೋರಿಸುವ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು. ಊರಲ್ಲಿ ಹೈಸ್ಕೂಲಿಲ್ಲದೆ ಎಂಟನೇ ತರಗತಿಗೆ ದಿನಾ ಬಸ್ ಹಿಡಿದು ಪಟ್ಟಣಕ್ಕೆ ಹೋದ ಹುಡುಗಿ, ಮನೆ ಹಳ್ಳಿಯಲ್ಲೇ ಇದ್ದರೂ, ಈ ಸೌಲಭ್ಯ ಕಳೆದುಕೊಳ್ಳುತ್ತಾಳೆ. ನಿಜವಾಗಿ ಹೆಚ್ಚು ಕಷ್ಟಪಟ್ಟವಳು ಅವಳೇ. ಈ ನಿಯಮ ಬದಲಾಗಲೇಬೇಕು.

ನಿಮ್ಮ ಮನೆಯಲ್ಲಿ ಈ ವರ್ಷ ಪರೀಕ್ಷೆ ಬರೆಯುವವರಿದ್ದರೆ, ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿಯಲ್ಲಿ ಕೇಳದ ಮೀಸಲಾತಿ ತಾನಾಗಿ ಸಿಗುವುದಿಲ್ಲ.