ಮಾಳಿಗೆ ಮನೆಗೆ ಹಳೆಯ ಉಕ್ಕಿನ ತೊಲೆ

ಮಣ್ಣಿನ ಮಾಳಿಗೆ ಮನೆಗಳಲ್ಲಿ ಗೋಡೆ ಗಟ್ಟಿಯಾಗಿದ್ದರೂ ಮರದ ತೊಲೆಗಳಿಗೆ ಗೆದ್ದಲು ಹಿಡಿಯುವುದು ಸಾಮಾನ್ಯ. ಹೊಸದಾಗಿ ಸಾಗುವಾನಿ ಹಾಕಿಸುವುದು ಎಲ್ಲರಿಗೂ ಎಟುಕುವ ಮಾತಲ್ಲ. ಹಳೆಯ ಅಕ್ಕಿ ಗಿರಣಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆ, ಚಿತ್ರಮಂದಿರಗಳನ್ನು ಕೆಡವಿದಾಗ ಬರುವ ಉಕ್ಕಿನ ಗರ್ಡರುಗಳು ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತವೆ. ನೋಡಿ ಆರಿಸಿದರೆ ಇವನ್ನು ಮನೆಯ ದುರಸ್ತಿಗೆ ಧಾರಾಳವಾಗಿ ಬಳಸಬಹುದು. ಉಕ್ಕು ಹಳೆಯದಾದ ಮಾತ್ರಕ್ಕೆ ಬಲ ಕಳೆದುಕೊಳ್ಳುವುದಿಲ್ಲ. ತುಕ್ಕು ತಿಂದು ತೆಳುವಾದಷ್ಟು ಬಲ ಕುಗ್ಗುತ್ತದೆ. ಅದಿರಿನಿಂದ 1 ಟನ್ ಹೊಸ ಉಕ್ಕು ತಯಾರಿಸುವಾಗ ಸುಮಾರು 2 ಟನ್ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುವುದರಿಂದ, ಇದ್ದ ತೊಲೆಯನ್ನೇ ಮತ್ತೆ ಬಳಸುವುದು ಪರಿಸರಕ್ಕೂ ಹಿತ.

ಮಾಳಿಗೆಯ ಭಾರವನ್ನು ಹಗುರವಾಗಿ ಎಣಿಸಬಾರದು. ಒಂದು ಅಡಿ ದಪ್ಪದ ಮಣ್ಣು ಪ್ರತಿ ಚದರ ಮೀಟರಿಗೆ ಸುಮಾರು 5 ಕ್ವಿಂಟಲ್ ತೂಗುತ್ತದೆ. ಮಳೆಯ ನೀರು ಹೀರಿದಾಗ ಇನ್ನೂ ಹೆಚ್ಚು. ನೆರೆಮನೆಯ ತೊಲೆ ನೋಡಿ ಅಳತೆ ನಿರ್ಧರಿಸದೆ, ಅಂಕಣದ ಅಗಲ ಮತ್ತು ಮಣ್ಣಿನ ದಪ್ಪ ತಿಳಿಸಿ ಎಂಜಿನಿಯರರಿಂದ ಲೆಕ್ಕ ಹಾಕಿಸಿಕೊಳ್ಳಿ.

ಕೊಳ್ಳುವಾಗ ಸಿಪ್ಪೆ ಏಳುವ ತುಕ್ಕನ್ನು ಸುತ್ತಿಗೆಯಿಂದ ತಟ್ಟಿ ಉದುರಿಸಿ, ಉಳಿದ ದಪ್ಪವನ್ನು ಅಳೆಯಬೇಕು. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಉಬ್ಬುವುದರಿಂದ ನೋಡಿದೊಡನೆ ಗಾಬರಿ ಬೇಡ. ಆದರೆ 6 ಮಿ.ಮೀ. ದಪ್ಪದ ತಗಡು ಎರಡೂ ಬದಿಗೆ 1 ಮಿ.ಮೀ. ಸವೆದಿದ್ದರೆ ಮೂರನೆಯ ಒಂದು ಪಾಲು ಹೋದಂತೆಯೇ. ತೂಕದಿಂದಲೂ ಇದನ್ನು ಪತ್ತೆ ಮಾಡಬಹುದು. 150 ಮಿ.ಮೀ. ಎತ್ತರದ ಸಾಮಾನ್ಯ ಐ ಆಕಾರದ ತೊಲೆ ಮೀಟರಿಗೆ ಸುಮಾರು 15 ಕೆ.ಜಿ., 200 ಮಿ.ಮೀ.ನದು ಸುಮಾರು 25 ಕೆ.ಜಿ. ಇರಬೇಕು. ಉದ್ದಕ್ಕೂ ದಾರ ಹಿಡಿದು ನೋಡಿ. ಬಾಗಿದ್ದರೆ, ಇಲ್ಲವೇ ನಡುಭಾಗದ ಕೆಳಪಟ್ಟಿಯಲ್ಲಿ ತೂತುಗಳಿದ್ದರೆ ಬೇಡ. ಕೊರೆದಾಗ ಸುರುಳಿಯ ಬದಲು ಪುಡಿ ಬಂದರೆ ಅದು ಎರಕದ ಕಬ್ಬಿಣ. ತೊಲೆಗೆ ಅದು ಸಲ್ಲದು, ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ರೈಲು ಕಂಬಿಯನ್ನು ರಸೀದಿಯಿಲ್ಲದೆ ಕೊಳ್ಳಲೇಬಾರದು. ಕದ್ದ ರೈಲ್ವೆ ಮಾಲನ್ನು ಇಟ್ಟುಕೊಳ್ಳುವುದು 1966ರ ಕಾಯಿದೆಯಂತೆ ಅಪರಾಧ. ಅದರ ಗಡಸು ಉಕ್ಕು ಸಾಮಾನ್ಯ ವೆಲ್ಡಿಂಗಿನಲ್ಲಿ ಬಿರುಕು ಬಿಡುವುದೂ ಉಂಟು.

ಹಳೆಯ ತೊಲೆಗೆ ಬಳಿದ ಕೆಂಪು ಬಣ್ಣ ಸೀಸದ ಸಿಂಧೂರವಾಗಿರಬಹುದು. ದನಗಳು ಇಂಥ ಬಣ್ಣದ ಚಕ್ಕೆಯನ್ನು ನೆಕ್ಕಿದರೆ ಕಣ್ಣು ಕಾಣದಂತಾಗಿ, ಹಲ್ಲು ಕಡಿದು, ಸೆಳವು ಬಂದು ಸಾಯಬಹುದು. ಮಕ್ಕಳಿಗೂ ಇದು ವಿಷ. ಆದ್ದರಿಂದ ಬಣ್ಣವನ್ನು ಸುಡದೆ, ಒಣಗಿದ್ದಾಗ ಉಜ್ಜದೆ, ನೀರು ಹಾಕಿ ಹೆರೆಯಬೇಕು. ಕೆಲಸವನ್ನು ಕೊಟ್ಟಿಗೆಯಿಂದ ದೂರ, ತಾಡಪಾಲಿನ ಮೇಲೆ ಮಾಡಿ. ಹೆರೆದ ಪುಡಿ ತಿಪ್ಪೆಗೆ ಬೀಳಕೂಡದು. ತಿಪ್ಪೆಯಿಂದ ಹೊಲಕ್ಕೆ, ಹೊಲದಿಂದ ಮೇವಿಗೆ ಸೇರುತ್ತದೆ. ನಂತರ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಅದರ ಮೇಲೆ ಎರಡು ಸಲ ಬಣ್ಣ ಬಳಿಯಿರಿ. ಗೋಡೆಯೊಳಗೆ ಹೋಗುವ ತುದಿಗಳನ್ನು ಮರೆಯಬೇಡಿ. ಮೊದಲು ತುಕ್ಕು ಹಿಡಿಯುವುದು ಅಲ್ಲಿಯೇ.

ತೊಲೆಯನ್ನು ಯಾವಾಗಲೂ ನೆಟ್ಟಗೆ ನಿಲ್ಲಿಸಿ ಕೂರಿಸಬೇಕು. ಮಲಗಿಸಿದರೆ ಹತ್ತು ಪಟ್ಟಿಗೂ ಹೆಚ್ಚು ಬಾಗುತ್ತದೆ. ತುದಿಯ ಕೆಳಗೆ ಅಗಲವಾದ ಚಪ್ಪಡಿ ಕಲ್ಲು ಅಥವಾ ಕಾಂಕ್ರೀಟ್ ದಿಂಡು ಇಡದಿದ್ದರೆ ಮಣ್ಣಿನ ಗೋಡೆ ಜಜ್ಜಿಹೋಗುತ್ತದೆ. ಹಳೆಯ ತೊಲೆ ತೆಗೆಯುವ ಮುನ್ನ ಎರಡೂ ಪಕ್ಕದ ಜಂತೆಗಳಿಗೆ ಆಸರೆ ಕಂಬ ಕೊಟ್ಟು, ಹೊಸತು ಭದ್ರವಾಗಿ ಕುಳಿತ ಮೇಲೆ ಒಂದೊಂದಾಗಿ ಬಿಚ್ಚಿ. ಮಾಳಿಗೆಯ ಮಣ್ಣು ಒಣಗಿರುವ ಬೇಸಿಗೆಯೇ ಈ ಕೆಲಸಕ್ಕೆ ತಕ್ಕ ಕಾಲ.