ಸಾಲ ಬೇರೆ, ಹಕ್ಕು ಬೇರೆ

ಬಳ್ಳಾರಿಯ ಜೀನ್ಸ್ ಹೊಲಿಗೆಗಾಗಿ ಉಡುಪು ಪಾರ್ಕ್ ಕಟ್ಟಿಸುವುದಾಗಿ 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಭರವಸೆಯಿತ್ತಿತು. ಅದೇ ವರ್ಷ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆ ಬಂದು, ದರ್ಜಿಗಳೂ ಸೇರಿ 18 ಕಸುಬಿನವರಿಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲದ ದಾರಿ ತೆರೆಯಿತು. ಎರಡೂ ಸ್ವಾಗತಾರ್ಹವೇ. ಆದರೆ ಸಾಲ ಸಿಕ್ಕಿದ ಮಾತ್ರಕ್ಕೆ ಹಕ್ಕು ಸಿಕ್ಕಿದಂತಲ್ಲ.

ಮಾಲೀಕರಿಂದ ಬಟ್ಟೆ ತಂದು, ಮನೆಯಲ್ಲಿ ಪೀಸಿನ ಲೆಕ್ಕದಲ್ಲಿ ಹೊಲಿದುಕೊಡುವ ಹೆಣ್ಣುಮಗಳನ್ನು ಸ್ವಯಂ ಉದ್ಯೋಗಿ ಎಂದುಬಿಡುವುದುಂಟು. ಕಾನೂನು ಹಾಗೆನ್ನುವುದಿಲ್ಲ. ಧಣಿಯಿಲ್ಲದೆ ದುಡಿಯುವವನು ಸ್ವಯಂ ಉದ್ಯೋಗಿ; ಧಣಿಗಾಗಿ ಮನೆಯಲ್ಲಿ ದುಡಿಯುವವಳು ಗೃಹಾಧಾರಿತ ಕಾರ್ಮಿಕಳು. 2008ರ ಅಸಂಘಟಿತ ಕಾರ್ಮಿಕರ ಕಾಯ್ದೆಯಲ್ಲಿದ್ದ ಈ ಭೇದ, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಹೆಸರು ತಪ್ಪಿದರೆ ಹೊಣೆಗಾರನೂ ತಪ್ಪಿಸಿಕೊಳ್ಳುತ್ತಾನೆ. ಸಿರುಗುಪ್ಪ, ಕುರುಗೋಡು ಕಡೆ ಗದ್ದೆಗಳಲ್ಲಿ ಗುತ್ತಿಗೆಗೆ ನಾಟಿ ಮಾಡುವವರೂ ಅಸಂಘಟಿತರೇ.

ಬಯಲುಸೀಮೆಯ ಮಾತು ನಮಗೇಕೆ ಎನ್ನಬೇಡಿ. 5 ಹೆಕ್ಟೇರಿಗಿಂತ ಚಿಕ್ಕ ಕಾಫಿ ತೋಟ ಸಾಮಾನ್ಯವಾಗಿ ಪ್ಲಾಂಟೇಷನ್ ಕಾರ್ಮಿಕ ಕಾನೂನಿನ ಹೊರಗೆ. ಆದ್ದರಿಂದ ನಮ್ಮಲ್ಲಿ ಹಣ್ಣು ಕುಯ್ಯುವವರು, ಅಡಿಕೆ ಕೊನೆ ಇಳಿಸುವವರು ಇದೇ ಸಾಲಿನವರು. ಇವರಲ್ಲಿ 16ರಿಂದ 59 ವಯಸ್ಸಿನವರನ್ನು ಇ-ಶ್ರಮ್‌ನಲ್ಲಿ ಉಚಿತವಾಗಿ ನೋಂದಾಯಿಸಬಹುದು. ಕೊಯ್ಲಿಗೆ ಮೊದಲೇ ಈ ಕೆಲಸ ಮುಗಿಸೋಣ, ಕೂಲಿಯ ಲೆಕ್ಕವನ್ನೂ ಬರೆದಿಡೋಣ. ಮರದಿಂದ ಬಿದ್ದ ಮೇಲೆ ಕಾಗದ ಹುಡುಕಿದರೆ ಫಲವಿಲ್ಲ.

– ಕಾರ್ಯದರ್ಶಿ